ಹೊಕ್ಕುಳಿರುವ ಕುರ್ಚಿ

ಹನುಮಂತನಗರದ ನಮ್ಮ ಮನೆಯ ತಾರಸಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿದ್ದುಕೊಂಡಿದೆ. ಒಂದು ಕಾಲಕ್ಕೆ ಕಡುಗೆಂಪಾಗಿತ್ತು. ಈಗ ಬಿಳಿಚಿಕೊಂಡಿದೆ, ಕೈಯಿಟ್ಟರೆ ಅಂಗೈಗೆ ಪುಡಿ ಹತ್ತುತ್ತದೆ. ಬೆನ್ನಿನ ಹಿಂದೆ ಯಾವುದೋ ಶಾಮಿಯಾನದ ಅಂಗಡಿಯವರು ಬಿಳಿ ಬಣ್ಣದಲ್ಲಿ ಹೊಡೆದ ಹೆಸರಿನಲ್ಲಿ ಎರಡೇ ಅಕ್ಷರ ಉಳಿದಿವೆ. ತಂಗಿಯ ನಿಶ್ಚಿತಾರ್ಥಕ್ಕೆ ನೂರು ಕುರ್ಚಿ ತರಿಸಿದ್ದೆವು, ಎಣಿಸಿ ನೂರನ್ನೂ ಹಿಂದಿರುಗಿಸಿದ್ದೆವು. ಆದರೂ ಇದು ಉಳಿಯಿತು ಎಂದರೆ ನಮ್ಮ ಮನೆಯದೇ ಒಂದು ಅವರ ಲೆಕ್ಕಕ್ಕೆ ಹೋಗಿದೆ. ಯಾರಿಗೂ ನಷ್ಟವಾದಂತೆ ಕಾಣಲಿಲ್ಲ.

ಮೊನ್ನೆ ನೀರಿನ ಟ್ಯಾಂಕ್ ತೊಳೆಯುವಾಗ ಅದನ್ನು ಮಗುಚಿ ಹಾಕಿದೆ. ಆಸನದ ಅಡಿಯಲ್ಲಿ, ನಟ್ಟನಡುವೆ, ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಗಂಟು. ಹೊಕ್ಕುಳೆಂದರೆ ಹೊಕ್ಕುಳೇ. ಕುರ್ಚಿ ಹುಟ್ಟಿದ್ದು ಅಲ್ಲಿಂದ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಸಣ್ಣ ಹರಳುಗಳನ್ನು, ಕಾರ್ಖಾನೆಯವರ ಬಾಯಲ್ಲಿ 'ದಾನಾ', ಸುಮಾರು 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಉಕ್ಕಿನ ಅಚ್ಚಿನ ಎರಡು ಹೋಳುಗಳ ನಡುವಿನ ಸಂದಿಗೆ ಒಂದೇ ತೂತಿನಿಂದ ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ಆ ಪಾಕ ಆಸನದಿಂದ ಹೊರಟು ಬೆನ್ನಿಗೆ, ಕೈಗಳಿಗೆ, ನಾಲ್ಕೂ ಕಾಲಿನ ತುದಿಗೆ ತಲುಪಬೇಕು, ದಾರಿಯಲ್ಲಿ ಗಟ್ಟಿಯಾಗಬಾರದು. ಅಚ್ಚಿನೊಳಗಿನ ಕೊಳವೆಗಳಲ್ಲಿ ನೀರು ಹರಿದು ತಣಿಸಿದ ಮೇಲೆ ಹೋಳುಗಳು ಬಾಯಿ ಬಿಡುತ್ತವೆ. ಒಂದೆರಡು ನಿಮಿಷದೊಳಗೆ ಇಡೀ ಕುರ್ಚಿ ಸಿದ್ಧ. ಮೊಳೆಯಿಲ್ಲ, ಅಂಟಿಲ್ಲ, ಬೆಸುಗೆಯಿಲ್ಲ. ಇಡಿಯಾಗಿ ಒಂದೇ ತುಂಡು ಎಂಬ ಕಾರಣಕ್ಕೆ ಜಗತ್ತು ಇದನ್ನು 'ಮೊನೊಬ್ಲಾಕ್' ಎನ್ನುತ್ತದೆ.

ಮೈಯಲ್ಲಿ ಹೆಚ್ಚು ಮಾಂಸವಿಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಹಾಳೆ, ತೂಕ ಎರಡೂವರೆ ಕಿಲೋ ಆಸುಪಾಸು. ಬಲವೆಲ್ಲ ಇರುವುದು ಮಡಿಕೆಯಲ್ಲಿ: ಕಾಗದವನ್ನು ಚಪ್ಪಟೆಯಾಗಿ ಹಿಡಿದರೆ ಬಾಗುತ್ತದೆ, ದೊನ್ನೆಯ ಹಾಗೆ ಮಡಿಸಿದರೆ ನಿಲ್ಲುತ್ತದೆಯಲ್ಲ, ಹಾಗೆ. ಅಂಚುಗಳು ಕೆಳಗೆ ಸುತ್ತಿಕೊಂಡಿರುವುದು, ಕಾಲುಗಳು ಒಳಗೆ ಟೊಳ್ಳಾಗಿ ಮೂಲೆಯಂತೆ ಮಡಿಚಿರುವುದು ಇದಕ್ಕೇ. ಬೆನ್ನಿನ ಸೀಳುಗಳಿಂದ ಗಾಳಿಯಾಡುತ್ತದೆ, ಮಾಲೂ ಉಳಿಯುತ್ತದೆ. ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಕುರ್ಚಿ ಅಚ್ಚಿನಿಂದ ಸಲೀಸಾಗಿ ಕಳಚಿಕೊಳ್ಳಲು ಅದರ ಮೈ ಸ್ವಲ್ಪ ಓರೆಯಾಗಿ ಅಗಲವಾಗುತ್ತಾ ಹೋಗಬೇಕು. ಅದೇ ಓರೆಯಿಂದ ಒಂದರ ಮೇಲೊಂದು ಕುರ್ಚಿಯನ್ನು ಸೇರಿಸಿ ಗೋಪುರ ಮಾಡಬಹುದು. ಯಂತ್ರದ ಅಗತ್ಯವೇ ಶಾಮಿಯಾನದವನ ಅನುಕೂಲವಾಯಿತು.

ಒಂದೇ ತುಂಡಿನ ಕುರ್ಚಿಯ ಕನಸು ಹಳೆಯದು. 1946ರಲ್ಲೇ ಕೆನಡಾದ ಡಿ. ಸಿ. ಸಿಂಪ್ಸನ್ ಇಂಥದ್ದೊಂದರ ಮಾದರಿ ಮಾಡಿದ್ದರು. ಆದರೆ ತಕ್ಕ ಪ್ಲಾಸ್ಟಿಕ್ ಇರಲಿಲ್ಲ. ಗಟ್ಟಿಯಾದದ್ದು ಒಡೆಯುತ್ತಿತ್ತು, ಒಡೆಯದ್ದು ದುಬಾರಿಯಾಗಿತ್ತು. 1954ರಲ್ಲಿ ಇಟಲಿಯ ಜೂಲಿಯೊ ನಾಟಾ ಪಾಲಿಪ್ರೊಪಿಲೀನ್‌ನ ಅಣುಸರಪಳಿಯನ್ನು ಕ್ರಮಬದ್ಧವಾಗಿ ಜೋಡಿಸುವ ದಾರಿ ಕಂಡರು. ಒಂಬತ್ತು ವರ್ಷಗಳ ನಂತರ ಜರ್ಮನಿಯ ಕಾರ್ಲ್ ಜೀಗ್ಲರ್ ಜೊತೆ ನೊಬೆಲ್ ಹಂಚಿಕೊಂಡರು. ಅದೇ 1963ರಲ್ಲಿ ಇಂಗ್ಲೆಂಡಿನ ರಾಬಿನ್ ಡೇ ಈ ಹೊಸ ಮಾಲಿನಿಂದ ಕುರ್ಚಿಯ ಆಸನ ಮತ್ತು ಬೆನ್ನನ್ನು ಒಟ್ಟಿಗೆ ಎರಕ ಹೊಯ್ದರು. ಕಾಲುಗಳು ಮಾತ್ರ ಕಬ್ಬಿಣದವೇ.

ಕಾಲುಗಳದ್ದೇ ತೊಂದರೆ. ಆ ದಶಕವಿಡೀ ಯುರೋಪಿನ ವಿನ್ಯಾಸಕಾರರು ಸೆಣಸಿದ್ದು ಕಾಲಿನೊಡನೆ ಎಂದರೆ ತಪ್ಪಾಗದು. ಇಟಲಿಯ ಜೋ ಕೊಲಂಬೊ ಪ್ಲಾಸ್ಟಿಕ್‌ನಲ್ಲೇ ಕುರ್ಚಿ ಮಾಡಿದರು, ಆದರೆ ಕಾಲುಗಳನ್ನು ಬೇರೆಯಾಗಿ ಎರಕ ಹೊಯ್ದು ಸಿಕ್ಕಿಸಬೇಕಾಯಿತು. ಜರ್ಮನಿಯ ಹೆಲ್ಮುಟ್ ಬೆಟ್ಸ್‌ನರ್ 1966ರ ಹೊತ್ತಿಗೆ ಗಾಜಿನ ನಾರು ಬೆರೆಸಿದ ಪಾಲಿಯೆಸ್ಟರನ್ನು ಬಿಸಿಯಾಗಿ ಒತ್ತಿ ಒಂದೇ ತುಂಡಿನ ಕುರ್ಚಿ ತೆಗೆದರು. ಡೆನ್ಮಾರ್ಕಿನ ವರ್ನರ್ ಪ್ಯಾಂಟನ್ ಕಾಲುಗಳನ್ನೇ ಕೈಬಿಟ್ಟರು. 1967ರ ಸುಮಾರಿಗೆ ತಯಾರಿಕೆಗೆ ಬಂದ ಅವರ ಕುರ್ಚಿ ಹಾವು ಎದ್ದು ನಿಂತಂತೆ ಬಳುಕಿ ನಿಲ್ಲುತ್ತದೆ. ಅದೂ ಮುಂದೆ, 1999ರಲ್ಲಿ, ಪಾಲಿಪ್ರೊಪಿಲೀನ್‌ಗೇ ಬಂತು. ನಮ್ಮ ತಾರಸಿಯ ಕುರ್ಚಿಯ ಶ್ರೀಮಂತ ದಾಯಾದಿ ಅದು. ರಕ್ತ ಒಂದೇ, ಬೆಲೆಯಲ್ಲಿ ಮಾತ್ರ ಅಜಗಜಾಂತರ.

ನಾವು ಬಲ್ಲ ಕುರ್ಚಿಗೆ ತೀರ ಹತ್ತಿರದ ಹಿರಿಯ ಎಂದು ಸಾಮಾನ್ಯವಾಗಿ ತೋರಿಸುವುದು ಫ್ರಾನ್ಸಿನ ಆನ್ರಿ ಮಾಸೊನೆ 1972ರಲ್ಲಿ ತಂದ 'ಫೋತೈ 300' ಅನ್ನು. ಅವರು ಅದಕ್ಕೂ ಮೊದಲು ಡಮರುಗದ ಆಕಾರದ 'ಟಾಮ್ ಟಾಮ್' ಎಂಬ ಸ್ಟೂಲ್ ಮಾಡಿ ಹೆಸರಾದವರು. ಎರಡು ನಿಮಿಷದೊಳಗೆ ಒಂದು ಕುರ್ಚಿ ಇಳಿಯುವಂತೆ ಮಾಡಿದ್ದು ಅವರ ಸಾಧನೆ. ಆದರೂ ಅದನ್ನು ದುಡ್ಡಿರುವವರ ತೋಟಕ್ಕೆಂದೇ ಮಾರಿದರು. 1980ರ ದಶಕದಲ್ಲಿ ಫ್ರಾನ್ಸಿನದೇ ಗ್ರೋಫಿಲೆಕ್ಸ್ ಮುಂತಾದ ಕಂಪನಿಗಳು ಇದೇ ಬಗೆಯದನ್ನು ಅಗ್ಗದಲ್ಲಿ ಹೊಯ್ಯತೊಡಗಿದ ಮೇಲೆ ಕಟ್ಟೆಯೊಡೆಯಿತು. ಊರೂರಿನ ತಯಾರಕರು ತಮತಮಗೆ ತೋಚಿದಂತೆ ಸೀಳು, ಹೂವು, ಬಳ್ಳಿ ಸೇರಿಸಿ ಅಚ್ಚು ಮಾಡಿಸಿಕೊಂಡರು. ಹಾಗಾಗಿ ಇದರ ತಂದೆ ಯಾರೆಂದು ಹುಡುಕುವುದು ಇಡ್ಲಿಯ ತಂದೆಯನ್ನು ಹುಡುಕಿದ ಹಾಗೆ. ಹಲವರ ಕೈ ಇದೆ, ಯಾರ ಸಹಿಯೂ ಇಲ್ಲ.

ಬೆಂಗಳೂರಿಗೆ ಇದು ಬಂದದ್ದು ನನ್ನ ತಲೆಮಾರಿನವರಿಗೆ ಕಣ್ಣಾರೆ ಕಂಡ ಸಂಗತಿ. ಅದಕ್ಕೆ ಮುಂಚೆ ಮನೆಯ ಮುಂದೆ ಚಪ್ಪರ ಹಾಕಿದರೆ ನೆಲಕ್ಕೆ ಜಮಖಾನ, ಗಂಡಿನ ಕಡೆಯವರಿಗೆ ಮಡಿಚುವ ಕಬ್ಬಿಣದ ಕುರ್ಚಿ. ಬಿಡಿಸುವಾಗ ಕಿರ್ ಎಂದು ಕಿರುಚುತ್ತಿದ್ದ, ಮಕ್ಕಳ ಬೆರಳು ಕಚ್ಚುತ್ತಿದ್ದ, ಮಧ್ಯಾಹ್ನದ ಬಿಸಿಲಿಗೆ ಕಾದು ಪಂಚೆಯನ್ನೂ ಲೆಕ್ಕಿಸದೆ ಸುಡುತ್ತಿದ್ದ ಕುರ್ಚಿ. 1990ರ ದಶಕದಲ್ಲಿ, ಆರ್ಥಿಕತೆಯ ಬಾಗಿಲು ತೆರೆದ ಹೊತ್ತಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಇವನ್ನೆಲ್ಲ ಬದಿಗೆ ತಳ್ಳಿತು. ಮುಂಬೈಯ ನೀಲ್‌ಕಮಲ್ ಕಂಪನಿ ಸರಕು ಸಾಗಿಸುವ ಕ್ರೇಟ್‌ಗಳ ಜೊತೆ ಕುರ್ಚಿಗೂ ಕೈಹಾಕಿ ಎಷ್ಟು ಹರಡಿತೆಂದರೆ, ಯಾರು ಮಾಡಿದ್ದಾದರೂ ನಮ್ಮ ಓಣಿಯಲ್ಲಿ ಅದು 'ನೀಲ್‌ಕಮಲ್ ಚೇರು'. ಅಚ್ಚು ಮಾಡಿಸಲು ಭಾರೀ ಬಂಡವಾಳ ಬೇಕು. ಮಾಡಿಸಿದ ಮೇಲೆ ಲಕ್ಷಗಟ್ಟಲೆ ಹೊಯ್ದರಷ್ಟೇ ಗಿಟ್ಟುತ್ತದೆ. ಲಕ್ಷಗಟ್ಟಲೆ ಕೊಳ್ಳುವವರು ಈ ದೇಶದಲ್ಲಿ ಇದ್ದೇ ಇದ್ದರು.

ಆಗ ಆದ ಒಂದು ಬದಲಾವಣೆಯನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. 'ಮಣೆ ಹಾಕುವುದು' ಎಂಬ ಮಾತೇ ಹೇಳುವಂತೆ, ಕೂರಲು ಏನು ಕೊಡುತ್ತಾರೆ ಎಂಬುದರ ಮೇಲೆ ಮನುಷ್ಯನ ಬೆಲೆ ಗೊತ್ತಾಗುತ್ತಿದ್ದ ನಾಡು ಇದು. ಯಜಮಾನರು ಕುರ್ಚಿಯಲ್ಲಿ ಕುಳಿತರೆ ಕೆಲಸದವರು ನೆಲದಲ್ಲಿ, ಇಲ್ಲವೇ ನಿಂತೇ. ಗಣೇಶನ ಪೆಂಡಾಲಿನಲ್ಲಿ ಹೂ ಮಾರುವವರೂ ಬ್ಯಾಂಕಿನ ಮ್ಯಾನೇಜರೂ ಒಂದೇ ಅಚ್ಚಿನಿಂದ ಇಳಿದ ಕುರ್ಚಿಯಲ್ಲಿ ಅಕ್ಕಪಕ್ಕ ಕುಳಿತಾಗ ಆ ಲೆಕ್ಕ ಸ್ವಲ್ಪ ಅಲುಗಾಡಿತು. ಸ್ವಲ್ಪವೇ, ಹೆಚ್ಚಲ್ಲ. ಛತ್ರದವರು ಬೇಗನೆ ಉಪಾಯ ಕಂಡುಕೊಂಡರು: ಮುಂದಿನ ಎರಡು ಸಾಲಿಗೆ ಸೋಫಾ, ನಂತರ ಬಿಳಿ ಗೌಸು ತೊಡಿಸಿ ಹಿಂದೆ ರಿಬ್ಬನ್ ಕಟ್ಟಿದ ಕುರ್ಚಿ, ಕೊನೆಗೆ ಕೈಯಿಲ್ಲದ ಬರಿಮೈಯ ಕುರ್ಚಿ. ಗೌಸು ತೆಗೆದರೆ ಎಲ್ಲವೂ ಒಂದೇ ಎಂಬುದು ಛತ್ರದ ಹುಡುಗರಿಗೆ ಚೆನ್ನಾಗಿ ಗೊತ್ತು.

ಇದರ ದೋಷಗಳನ್ನು ಮುಚ್ಚಿಡಬೇಕಿಲ್ಲ. ಬಿಸಿಲಿನ ನೇರಳಾತೀತ ಕಿರಣ ಪಾಲಿಪ್ರೊಪಿಲೀನ್‌ನ ಸರಪಳಿಯನ್ನು ಕತ್ತರಿಸುತ್ತಾ ಹೋಗುತ್ತದೆ. ನನ್ನ ಅಂಗೈಗೆ ಹತ್ತಿದ ಪುಡಿ ಅದೇ. ತಡೆಯಲು ಬೆರೆಸಬೇಕಾದ ರಾಸಾಯನಿಕವನ್ನು ಉಳಿಸಿ, ಮಾಲಿಗೆ ಸುಣ್ಣದಕಲ್ಲಿನ ಪುಡಿಯನ್ನು ಹೆಚ್ಚಾಗಿ ಬೆರೆಸಿದರೆ ಕುರ್ಚಿ ಅಗ್ಗವಾಗುತ್ತದೆ, ಪೆಡಸೂ ಆಗುತ್ತದೆ. ನಿಶ್ಚಿತಾರ್ಥದ ದಿನ ನಮ್ಮ ದೊಡ್ಡಪ್ಪ ನುಣುಪಾದ ಮೊಸಾಯಿಕ್ ನೆಲದ ಮೇಲೆ ಹಿಂದಕ್ಕೆ ಒರಗಿದರು. ಹಿಂದಿನ ಎರಡು ಕಾಲು ಹಸುಗರು ಮೊದಲ ಬಾರಿ ಎದ್ದು ನಿಂತಂತೆ ಅಗಲವಾಗಿ ಜಾರಿದವು, ದೊಡ್ಡಪ್ಪ ಕಾಫಿ ಲೋಟ ಮಾತ್ರ ಬಿಡದೆ ನೆಲಕ್ಕಿಳಿದರು. ಮುಂದೆ ಅವರು ಬಂದಾಗಲೆಲ್ಲ ಎರಡು ಕುರ್ಚಿಗಳನ್ನು ಒಂದರಲ್ಲೊಂದು ಕೂರಿಸಿಯೇ ಕೊಡುವುದು ರೂಢಿಯಾಯಿತು.

ಬಿರುಕು ಬಿಟ್ಟದ್ದನ್ನು ನಮ್ಮಲ್ಲಿ ಒಮ್ಮೆಲೇ ಎಸೆಯುವುದಿಲ್ಲ. ಕಾಯಿಸಿದ ಕಂಬಿಯಿಂದ ಎರಡೂ ಬದಿ ತೂತು ಮಾಡಿ ತಂತಿಯಲ್ಲಿ ಹೊಲಿಯುತ್ತಾರೆ. ಅದೂ ಹೋದರೆ ಗುಜರಿ. ಅಲ್ಲಿಂದ ಮೈಸೂರು ರಸ್ತೆಯ ನಾಯಂಡಹಳ್ಳಿಯಂಥ ಕಡೆ ಪುಡಿಯಾಗಿ, ಕರಗಿ, ಮತ್ತೆ ದಾನಾ ಆಗುತ್ತದೆ. ಬಣ್ಣಬಣ್ಣದ್ದು ಬೆರೆತ ಮಾಲು ಬಿಳಿಯಾಗಲಾರದು. ಆದ್ದರಿಂದ ಜನ್ಮಜನ್ಮಕ್ಕೂ ಬಣ್ಣ ಗಾಢವಾಗುತ್ತಾ ಹೋಗಿ ಕೊನೆಗೆ ಕಪ್ಪಿಗೆ ಬಂದು ನಿಲ್ಲುತ್ತದೆ.

ಅಂದ ಕೆಡುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರ 2008ರಿಂದ 2017ರವರೆಗೆ ಸಾರ್ವಜನಿಕ ಸ್ಥಳಗಳಲ್ಲಿ ಈ ಕುರ್ಚಿಯನ್ನು ನಿಷೇಧಿಸಿತ್ತು. ಅದೇ 2017ರಲ್ಲಿ, ಗಡಿ ದಾಟಿದರೆ ಸಿಗುವ ಜರ್ಮನಿಯ ವೈಲ್ ಆಮ್ ರೈನ್ ಊರಿನ ವಿಟ್ರಾ ಡಿಸೈನ್ ಮ್ಯೂಸಿಯಂ ಇದೇ ಕುರ್ಚಿಗೆಂದು ಪ್ರದರ್ಶನ ಏರ್ಪಡಿಸಿತು. ಅಮೆರಿಕದ ಎಂಜಿನಿಯರ್ ಡಾನ್ ಶೋನ್‌ಡಾರ್ಫರ್‌ಗೆ ಅಂದಚಂದದ ಗೊಡವೆಯೇ ಇರಲಿಲ್ಲ. ಮೊರಾಕ್ಕೊದಲ್ಲಿ ನಡೆಯಲಾಗದೆ ಮಣ್ಣಿನ ರಸ್ತೆಯಲ್ಲಿ ತೆವಳುತ್ತಿದ್ದ ಹೆಂಗಸೊಬ್ಬಳನ್ನು ಕಂಡದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ಬೈಸಿಕಲ್ ಚಕ್ರ ಜೋಡಿಸಿ ಅಗ್ಗದ ಗಾಲಿಕುರ್ಚಿ ಮಾಡಿದರು. ಮೊದಲ ಗಾಲಿಕುರ್ಚಿಗಳು 2001ರಲ್ಲಿ ಬಂದದ್ದು ಭಾರತಕ್ಕೆ.

ಟ್ಯಾಂಕ್ ತೊಳೆದು ಮುಗಿಸಿ ಕೆಳಗೆ ಇಣುಕಿದೆ. ಎದುರು ಮನೆಯವರು ಕಾರಿಗೆ ಜಾಗ ಹಿಡಿಯಲು ರಸ್ತೆಯ ಮೇಲೆ ಮೂರು ಕಾಲಿನ ಕುರ್ಚಿಯೊಂದನ್ನು ಇಟ್ಟು, ಇಲ್ಲದ ಕಾಲಿನ ಕೆಳಗೆ ಒಂದು ಸೈಜುಗಲ್ಲು ಕೊಟ್ಟಿದ್ದರು. ಅದರ ಬೆನ್ನಿನ ಮೇಲೂ ಯಾವುದೋ ಶಾಮಿಯಾನದವರ ಅಕ್ಷರಗಳಿದ್ದವು. ನಮ್ಮದರ ಮೇಲಿರುವವಲ್ಲ, ಬೇರೆ.