ದಾಸವಾಳ ಬಿಡಿಸಿದ್ರೆ ಬಣ್ಣ ಕೊಳೆ ಕೊಳೆ ಆಗುತ್ತೆ, ಯಾಕೆ?

ಪ್ರಶ್ನೆ: ಅಕ್ಕನ ಮಗಳಿಗೆ 10 ವರ್ಷ, ನಾನೇ ಮನೇಲಿ ವಾಟರ್ ಕಲರ್ ಹೇಳ್ಕೊಡ್ತಿದೀನಿ. ಕೆಂಪು ದಾಸವಾಳ ಶುರುವಲ್ಲಿ ಚೆನ್ನಾಗೇ ಬರುತ್ತೆ, ಮುಗಿಯೋ ಹೊತ್ತಿಗೆ ಕಂದು ಕಂದು. ಬಣ್ಣ ಸರಿ ಇಲ್ವಾ?

ಬಣ್ಣದ್ದೇನೂ ತಪ್ಪಿರಲ್ಲ ಬಿಡಿ, ಅವಳು ಒದ್ದೆ ಇರೋ ಎಸಳಿಗೆ ಮತ್ತೆ ಮತ್ತೆ ಬ್ರಶ್ ಹಾಕ್ತಿರ್ತಾಳೆ. ನನ್ನ ಹತ್ರ ಕಲಿಯೋಕೆ ಬರೋ ಮಕ್ಕಳೂ ಹೀಗೇ. ವಾಟರ್ ಕಲರ್ ಒಣಗಿದ ಮೇಲೆ ಒಂದು ಶೇಡ್ ತಿಳಿಯಾಗುತ್ತೆ ಅಲ್ವಾ, ಅದು ಗೊತ್ತಿಲ್ದೆ ಮಗು ಸಾಲಲ್ಲ ಅಂತ ಇನ್ನೊಂದು ಸಲ ಹಚ್ಚುತ್ತೆ, ಅಷ್ಟೊತ್ತಿಗೆ ಎಸಳು ಅರ್ಧ ಒಣಗಿರುತ್ತೆ, ಹೊಸ ನೀರು ಒಳಗೆ ನುಗ್ಗಿ ಹಳೇ ಬಣ್ಣನ ಅಂಚಿಗೆ ತಳ್ಳುತ್ತೆ. ಹಾಗೆ ಆಗೋ ಕಲೆಗೆ ಕಲಾವಿದರು ಕಾಲಿಫ್ಲವರ್ ಅಂತಾನೇ ಹೆಸರಿಟ್ಟಿದಾರೆ, ದಾಸವಾಳ ಬಿಡಿಸೋಕೆ ಹೋಗಿ ಹೂಕೋಸು ಬಿಡಿಸ್ದಂಗೆ!

ಕಂದು ಬರೋದು ಬಹುತೇಕ ಎಲೆಯಿಂದ. ಕೆಂಪಿಗೆ ಹಸಿರು ಸೇರಿದ್ರೆ ಕಂದೇ ಆಗೋದು, ಹೂ ಒಣಗೋ ಮುಂಚೆ ಪಕ್ಕದಲ್ಲಿ ಎಲೆ ಹಾಕಿದ್ರೆ ಎರಡೂ ಹರಿದು ಕಲೆತ್ಕೊಳ್ಳುತ್ತೆ. ಎರಡು ಲೋಟ ನೀರಿಡಿ, ಒಂದು ಬ್ರಶ್ ತೊಳೆಯೋಕೆ, ಇನ್ನೊಂದು ಬಣ್ಣ ಕಲೆಸೋಕೆ ಮಾತ್ರ.

ಈಗ ಎಸಳಿನ ವಿಷಯ. ದಾಸವಾಳಕ್ಕೆ ಐದು ಎಸಳು, ನಾನು ಪೆನ್ಸಿಲ್ಲಲ್ಲಿ ಸಣ್ಣದಾಗಿ ಸುತ್ತ ನಂಬರ್ ಹಾಕಿಸ್ತೀನಿ. ಮೊದ್ಲು 1 ಮತ್ತೆ 3. ಅವು ಪೂರ್ತಿ ಒಣಗಿದ ಮೇಲೆ 2 ಮತ್ತೆ 4, ಕೊನೇಲಿ ಒಂಟಿಯಾಗಿ 5. ಒಂದಕ್ಕೊಂದು ತಾಗ್ದೇ ಇರೋ ಎಸಳೇ ಒಟ್ಟಿಗೆ ಒದ್ದೆ ಇರೋದ್ರಿಂದ ಬಣ್ಣ ಹರಿಯಲ್ಲ, ಎಸಳಿನ ಅಂಚೂ ಚೂಪಾಗಿ ಉಳಿಯುತ್ತೆ. ಒಂದೊಂದು ಎಸಳಿಗೂ ಮೊದ್ಲು ಬರೀ ನೀರು, ಹೊಳೀತಾ ಇರೋವಾಗ್ಲೇ ಬುಡದಲ್ಲಿ ಗಾಢ ಕೆಂಪು ಮುಟ್ಟಿಸಿ ಸುಮ್ನೆ ಕೂರೋಕೆ ಹೇಳಿ. ಅದೇ ಹರಡ್ಕೊಂಡು ಅಂಚಿಗೆ ಹೋಗ್ತಾ ತಿಳಿಯಾಗುತ್ತೆ. ಹೊಳಪು ಹೋಯ್ತಾ, ಬ್ರಶ್ ಕೆಳಗೆ. ಒಣಗಿದ್ಯಾ ನೋಡೋಕೆ ಬೆರಳಿನ ಹಿಂಭಾಗ ಮೆಲ್ಲಗೆ ತಾಗಿಸಿ, ತಣ್ಣಗಿದ್ರೆ ಇನ್ನೂ ಒದ್ದೆ ಅಂತ. ಈ ಕಾಯೋ ಹೊತ್ತಲ್ಲೇ ಮಕ್ಕಳ ಕೈ ತುರಿಸೋದು, ಅದಕ್ಕೆ ಪಕ್ಕದಲ್ಲಿ ಎರಡನೇ ಹಾಳೆ ಇಟ್ಟು ಎರಡು ಹೂ ಒಟ್ಟಿಗೆ ಶುರು ಮಾಡಿಸಿ.

ತೆಳು ಡ್ರಾಯಿಂಗ್ ಶೀಟ್ ಬೇಡ ಮಾತ್ರ, ನಾಲ್ಕು ಸಲ ಉಜ್ಜಿದ್ರೆ ನೂಲು ಏಳುತ್ತೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ದಪ್ಪ ಹಾಳೆ ತಗೊಳ್ಳಿ, ದುಬಾರಿ ಅನ್ಸಿದ್ರೆ ಎ3 ಹಾಳೆನ ನಾಲ್ಕು ತುಂಡು ಮಾಡಿ, ಮಗುಗೆ ಅಷ್ಟು ಸಾಕು. ಹೂ ಬೆಳಗ್ಗೆ ಕಿತ್ತು ಅವತ್ತೇ ಮುಗಿಸಿ, ದಾಸವಾಳ ಸಂಜೆಗೆಲ್ಲಾ ಮುದುಡ್ಕೊಳ್ಳುತ್ತೆ.

ಇನ್ನೊಂದು, ನಡುವಿನ ಉದ್ದ ಕೇಸರದ ಜಾಗ ಬಿಳಿಯಾಗೇ ಬಿಟ್ಕೊಂಡು ಶುರು ಮಾಡಿ. ಕೆಂಪಿನ ಮೇಲೆ ಹಳದಿ ಹಚ್ಚಿದ್ರೆ ಕೆಳಗಿನ ಕೆಂಪು ಕಾಣ್ತಾನೇ ಇರುತ್ತೆ, ಆಗ ಮಕ್ಕಳು ಬಿಳಿ ಟ್ಯೂಬಿಗೆ ಕೈ ಹಾಕ್ತಾರೆ, ಹೂವೆಲ್ಲಾ ಸುಣ್ಣ ಬಳಿದಂಗೆ ಆಗುತ್ತೆ. ನಾನಂತೂ ಕ್ಲಾಸಲ್ಲಿ ಆ ಟ್ಯೂಬ್ ಎತ್ತಿಟ್ಬಿಡ್ತೀನಿ. ಎಸಳೆಲ್ಲಾ ಒಣಗಿದ ಮೇಲೆ ಆ ಬಿಳಿ ಕಡ್ಡಿಗೆ ತಿಳಿ ಗುಲಾಬಿ, ಸುತ್ತ ಹಳದಿ ಚುಕ್ಕೆ, ತುದೀಲಿ ಐದು ಪುಟ್ಟ ಕೆಂಪು ಬಿಂದು. ಅದನ್ನ ಅವಳೇ ಎಣಿಸಿ ಇಡ್ಲಿ, ನೀವು ಕೈ ಹಾಕ್ಬೇಡಿ.