ಅಪವರ್ತ್ಯದ ಯ ಒತ್ತು

‘7,20,720ಕ್ಕೆ 240 ಅಪವರ್ತ್ಯಗಳಿವೆ’ ಅನ್ನುವ ವಾಕ್ಯ ಈ ತಿಂಗಳು ಮೂರನೇ ಸಲ ಕಣ್ಣಿಗೆ ಬಿತ್ತು. ಸಂಖ್ಯೆ ಸರಿ, ಎಣಿಕೆ ಸರಿ, ಪದ ತಪ್ಪು. ಅಪವರ್ತ್ಯ ಅಂದರೆ ಮಗ್ಗಿಯಲ್ಲಿ ಬರುವುದು. 7,20,720ರ ಮಗ್ಗಿ ಹೇಳುತ್ತಾ ಹೋಗಿ: 14,41,440, 21,62,160... ಅದಕ್ಕೆ ಕೊನೆಯೇ ಇಲ್ಲ. 240 ಇರುವುದು ಅಪವರ್ತನಗಳು, ಅಂದರೆ ಅದನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗಳು.

ಬೈಯುವ ಮೊದಲು ಪದವನ್ನು ಬಿಡಿಸಿ ನೋಡೋಣ. ಎರಡಕ್ಕೂ ಬೇರು ‘ವೃತ್’, ಮುಂದೆ ‘ಅಪ’ ಸೇರಿದೆ. ಹಳೆಯ ಗಣಿತದಲ್ಲಿ ಅಪವರ್ತನ ಒಂದು ಕೆಲಸದ ಹೆಸರು: ಶೇಷ ಉಳಿಯದಂತೆ ಭಾಗಿಸಿ ಸಂಖ್ಯೆಯನ್ನು ಚಿಕ್ಕದು ಮಾಡುವುದು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಕುಟ್ಟಕದ (ಪೂರ್ಣಾಂಕದ ಉತ್ತರವೇ ಬೇಕಾದ ಸಮೀಕರಣ ಬಿಡಿಸುವ ವಿಧಾನ) ಲೆಕ್ಕ ಶುರು ಮಾಡುವುದೇ ಹೀಗೆ. ಭಾಜ್ಯ, ಹಾರ (ಭಾಜಕ), ಕ್ಷೇಪ (ಕೂಡಿಸುವ ಸಂಖ್ಯೆ) ಮೂರೂ ‘ಅಪವರ್ತ್ಯ’, ಅಂದರೆ ಸಾಧ್ಯವಾದರೆ ಮೊದಲು ಒಂದೇ ಸಂಖ್ಯೆಯಿಂದ ಭಾಗಿಸಿಕೊಳ್ಳಬೇಕಾದವು ಎನ್ನುತ್ತಾರೆ. ಗುಟ್ಟೆಲ್ಲ ಆ ಯ ಒತ್ತಿನಲ್ಲಿದೆ. ಪೂಜಿಸುವವನು ಪೂಜಕ, ಪೂಜೆ ಮಾಡಿಸಿಕೊಳ್ಳುವವನು ಪೂಜ್ಯ. (ಸೊನ್ನೆಗೂ ಪೂಜ್ಯ ಅನ್ನುತ್ತೇವೆ, ಆ ಕತೆ ಬೇರೆ.) ಭಾಗಿಸುವುದು ಭಾಜಕ, ಭಾಗಿಸಿಕೊಳ್ಳುವುದು ಭಾಜ್ಯ. ಅದೇ ಜಾಡಿನಲ್ಲಿ ಎಲ್ಲರೂ ಅಪವರ್ತಕ, ಅಪವರ್ತ್ಯ ಅಂದಿದ್ದರೆ ಜೋಡಿ ಚೊಕ್ಕವಾಗಿರುತ್ತಿತ್ತು. ಆದರೆ ಕೆಲಸದ ಹೆಸರನ್ನೇ ತಂದು ಭಾಗಿಸುವ ಸಂಖ್ಯೆಗೂ ಇಟ್ಟುಬಿಟ್ಟಿದ್ದೇವೆ. ಸುಮ್ನೆ ತಲೆನೋವು.

ಇದರ ಮೇಲೆ ಲ.ಸಾ.ಅ., ಮ.ಸಾ.ಅ. ಬೇರೆ. ಎರಡರ ಬಾಲಕ್ಕೂ ‘ಅ’! ಮೊದಲನೆಯದು ಅಪವರ್ತ್ಯದ ಅ, ಎರಡನೆಯದು ಅಪವರ್ತನದ ಅ. 1ರಿಂದ 16ರವರೆಗಿನ ಎಲ್ಲ ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯ ಇದೇ 7,20,720. ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 1. ಲಘು ಅಂದದ್ದು ಏಳು ಲಕ್ಷ ದಾಟಿತು, ಮಹತ್ ಅಂದದ್ದು ಒಂದಕ್ಕೇ ನಿಂತಿತು. ಮಕ್ಕಳು ತಲೆ ಕೆರೆದುಕೊಳ್ಳದೆ ಇನ್ನೇನು ಮಾಡುತ್ತಾರೆ, ಅಲ್ವಾ?

ಇನ್ನು ಆ 240. ಇದು 720ನ್ನು ಎರಡು ಸಲ ಪಕ್ಕಪಕ್ಕ ಬರೆದ ಸಂಖ್ಯೆ, ಅಂದರೆ 720 × 1001. 1001 ಒಡೆದರೆ 7 × 11 × 13. ಯಾವ ಮೂರಂಕಿಯನ್ನು ಹೀಗೆ ಜೋಡಿ ಬರೆದರೂ ಈ ಮೂರೂ ಒಳಗೆ ಕೂತಿರುತ್ತವೆ. 720ರಲ್ಲಿ ನಾಲ್ಕು 2, ಎರಡು 3, ಒಂದು 5 ಇವೆ. ಒಂದು ಅಪವರ್ತನ ಕಟ್ಟಬೇಕಾದರೆ 2ನ್ನು ಐದು ಬಗೆಯಲ್ಲಿ ತೆಗೆದುಕೊಳ್ಳಬಹುದು, ಒಂದೂ ಬೇಡ ಅನ್ನುವುದೂ ಸೇರಿ. 3ನ್ನು ಮೂರು ಬಗೆ, ಉಳಿದ ನಾಲ್ಕನ್ನು ತಲಾ ಎರಡು ಬಗೆ. 5 × 3 × 2 × 2 × 2 × 2 = 240. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಇಷ್ಟು ಅಪವರ್ತನಗಳಿಲ್ಲ. ಇಂಥ ಸಂಖ್ಯೆಗಳ ಮೇಲೆಯೇ ರಾಮಾನುಜನ್ 1915ರಲ್ಲಿ ಉದ್ದನೆಯ ಪ್ರಬಂಧ ಬರೆದರು. ದಾಖಲೆ ಮುರಿಯಲು 10,81,080ರವರೆಗೆ ಹೋಗಬೇಕು, ಅದಕ್ಕೆ 256.

16ರ ತನಕ ಎಲ್ಲಕ್ಕೂ ಒಗ್ಗಿಕೊಂಡ ಈ ಸಂಖ್ಯೆ 17ರ ಹತ್ತಿರ ಕೈಕೊಡುತ್ತದೆ. ಭಾಗಿಸಿದರೆ 5 ಉಳಿಯುತ್ತದೆ. ಹಾಗಾಗಿ 17 ಇದರ ಅಪವರ್ತನ ಅಲ್ಲ, ಇದು 17ರ ಅಪವರ್ತ್ಯವೂ ಅಲ್ಲ.