ಬೋಳುಗುಡ್ಡಕ್ಕೆ ಮರ ಹೊದಿಸಿದ ಕಥೆ

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯ ಕಡೆಗೆ ಸಾಗುವ ಏಣುಗಳ ಮೇಲೆ ಮರವಿಲ್ಲದಿರುವುದಕ್ಕೆ ಯಾರೋ ಕಾಡು ಕಡಿದದ್ದೇ ಕಾರಣವೆಂದು ಪ್ರವಾಸಿಗರು ಇಂದಿಗೂ ಭಾವಿಸುತ್ತಾರೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಬೆನ್ನಿನ ಮೇಲೆ ಹುಲ್ಲು, ನೀರು ಜಿನುಗುವ ಕಣಿವೆಯ ಮಡಿಲಲ್ಲಿ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡು ಇರುವುದು ಪಶ್ಚಿಮಘಟ್ಟದ ಎತ್ತರದ ನೆಲದ ಸಹಜ ಸ್ಥಿತಿ. ನೀಲಗಿರಿ ಬೆಟ್ಟಗಳ ಜೌಗಿನಲ್ಲಿ ಹೂತುಹೋದ ಸಸ್ಯಾವಶೇಷಗಳನ್ನು ಪರೀಕ್ಷಿಸಿದವರು 20 ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿತ್ತೆಂದು ತೋರಿಸಿದ್ದಾರೆ.

ಆದರೆ ಬ್ರಿಟಿಷರ ಕಾಲದ ಕಂದಾಯದ ಕಣ್ಣಿಗೆ ಬೆಳೆಯೂ ನಾಟವೂ ಸಿಗದ ನೆಲವೆಂದರೆ ಪಾಳು. ಊಟಿಯ ಸೌದೆಯ ಕೊರತೆ ನೀಗಲು 19ನೇ ಶತಮಾನದ ನಡುವಿನಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ ಮತ್ತು ನೀಲಗಿರಿ ಮರಗಳನ್ನು ತರಲಾಯಿತು; ಸ್ವಾತಂತ್ರ್ಯಾನಂತರ ಚರ್ಮ ಹದಮಾಡುವ ತೊಗಟೆಗಾಗಿ ವ್ಯಾಟಲ್, ಕಾಗದದ ತಿರುಳಿಗಾಗಿ ಪೈನ್ ತೋಪುಗಳು ತಮಿಳುನಾಡಿನ ಹುಲ್ಲುಗಾವಲುಗಳನ್ನು ಆವರಿಸಿದವು. ನಮ್ಮ ಕಡೆ ಅದೇ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ನೀಲಗಿರಿ ಮತ್ತು ಅಕೇಶಿಯಾ: ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಗೋಮಾಳಗಳಲ್ಲಿ, ಗಣಿಗಾರಿಕೆಯ ಗಾಯ ಮುಚ್ಚುವ ನೆಪದಲ್ಲಿ ಕುದುರೆಮುಖದ ಸುತ್ತ, ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಶಿವಮೊಗ್ಗ, ಚಿಕ್ಕಮಗಳೂರಿನ ನೆಡುತೋಪುಗಳಲ್ಲಿ. ಆ ಕಾರ್ಖಾನೆಗೆ ಕೊಟ್ಟ ಅರಣ್ಯಭೂಮಿಯ 40 ವರ್ಷಗಳ ಗುತ್ತಿಗೆ 2020ರಲ್ಲಿ ಮುಗಿದಾಗ, ಯಂತ್ರಗಳು ಆಗಲೇ ನಿಂತುಹೋಗಿದ್ದರೂ, ಅದನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿದ್ದು ಮಲೆನಾಡಿನಲ್ಲಿ ದೊಡ್ಡ ವಿರೋಧಕ್ಕೆ ಕಾರಣವಾಯಿತು.

ನೆಟ್ಟ ಮರ ನೆಟ್ಟಲ್ಲೇ ನಿಂತಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅಕೇಶಿಯಾದ ಒಣಗಿದ ಕಾಯನ್ನು ಅಂಗೈಯಲ್ಲಿಟ್ಟು ನೋಡಿ: ಕಿವಿಯಂತೆ ಸುರುಳಿಗೊಂಡ ಸಿಪ್ಪೆಯೊಳಗೆ ಕರಿಬೀಜ, ಅದನ್ನು ಬಳಸಿದ ಕಿತ್ತಳೆ ಬಣ್ಣದ ದಾರ. ಆ ದಾರ ಹಕ್ಕಿಗೆ ಆಹಾರ, ಬೀಜಕ್ಕೆ ವಾಹನ. ಬುಡದಲ್ಲಿ ಕುಡುಗೋಲಿನಂಥ ಎಲೆಗಳು ಬೇಗ ಕೊಳೆಯದೆ ಚಾಪೆಯಂತೆ ಹಾಸಿಕೊಳ್ಳುವುದರಿಂದ ಹುಲ್ಲಿಗೆ ಬೆಳಕೂ ಇಲ್ಲ, ಜಾಗವೂ ಇಲ್ಲ. ಅಗಲಬಾಲದ ಹುಲ್ಲುಹಕ್ಕಿಯಂಥ, ಎತ್ತರದ ಹುಲ್ಲಿನಲ್ಲೇ ಗೂಡು ಕಟ್ಟುವ ಜೀವಿಗಳಿಗೆ ಅಂಥ ತೋಪಿನಲ್ಲಿ ನೆಲೆಯಿಲ್ಲ.

ಪೈನ್‌ಗೆ ಹಕ್ಕಿಯ ಹಂಗೂ ಬೇಡ, ಅದರ ಬೀಜಕ್ಕೆ ರೆಕ್ಕೆಯಿದೆ. ನ್ಯೂಜಿಲೆಂಡಿನಲ್ಲಿ ಮಣ್ಣಿನ ಸವಕಳಿ ತಡೆಯಲು ಇಳಿಜಾರುಗಳಲ್ಲಿ ನೆಟ್ಟ ಪೈನ್‌ಗಳು ಗಾಳಿಯೊಡನೆ ಹಬ್ಬಿ 18 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ವ್ಯಾಪಿಸಿದ ಮೇಲೆ, 2016ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವನ್ನೇ ಆರಂಭಿಸಬೇಕಾಯಿತು. ಅಲ್ಲಿ ಒಂಟಿ ಮರಗಳನ್ನು ಹುಡುಕಿ ಹೆಲಿಕಾಪ್ಟರಿನಿಂದ ಮರ ಸಾಯಿಸುವ ಔಷಧಿ ಸಿಂಪಡಿಸುತ್ತಾರೆ. ದಟ್ಟ ತೋಪಿಗಿಂತ ದೂರದ ಒಂಟಿ ಮರವೇ ಮುಂದಿನ ತೋಪಿನ ತಾಯಿಯೆಂಬುದು ಅದರ ಹಿಂದಿನ ಲೆಕ್ಕ.

ಆ ಲೆಕ್ಕ ನಮಗೂ ಸಲ್ಲುತ್ತದೆ, ವಿಧಾನವಲ್ಲ. ಪೈನ್ ಕಡಿದರೆ ಸಾಮಾನ್ಯವಾಗಿ ಸಾಯುತ್ತದೆ; ನೀಲಗಿರಿ ಬುಡದಿಂದ ಚಿಗುರುತ್ತದೆ, ವ್ಯಾಟಲ್ ಮತ್ತು ಅಕೇಶಿಯಾದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕಾಳ್ಗಿಚ್ಚು ಹಾದುಹೋದ ಮೇಲೆ ಗುಂಪಾಗಿ ಮೊಳೆಯುತ್ತದೆ. ಹೀಗಾಗಿ ಒಮ್ಮೆ ಕಡಿದು ಲೆಕ್ಕ ಮುಗಿಸುವ ಟೆಂಡರಿನಿಂದ ಪ್ರಯೋಜನವಿಲ್ಲ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಸಸಿ ಕೀಳಲು ಪ್ರತಿವರ್ಷ ಮರಳಬೇಕು. ಎಲ್ಲ ತೋಪನ್ನೂ ಒಟ್ಟಿಗೆ ಬೋಳಿಸುವುದೂ ಜಾಣತನವಲ್ಲ. ಪಳನಿ ಬೆಟ್ಟಗಳ ಹಳೆಯ ತೋಪುಗಳ ನೆರಳಿನಲ್ಲಿ ಶೋಲಾ ಸಸಿಗಳು ತಾವಾಗಿ ಮೇಲೆದ್ದಿವೆ. ಅಂಥ ಕಡೆ ಕೊಡಲಿ ತಡೆದು, ಉಳಿದಿರುವ ಹುಲ್ಲಿನ ಅಂಚಿನಲ್ಲಿ ನಿಂತ ಮರಗಳನ್ನೇ ಮೊದಲು ತೆಗೆಯಬೇಕು.